ಬಾಯೊಳಗಿನ ಕಲ್ಲು, ಬೋರ್‌ವೆಲ್ ನೀರು

ಗೌರಿಬಿದನೂರು ತಾಲ್ಲೂಕಿನ ಅಲೀಪುರ ಹರಳಿನ ವ್ಯಾಪಾರಕ್ಕೆ ಹೆಸರಾದ ಊರು. ಹರಳುಗಳ ಲೆಕ್ಕದಲ್ಲಿ ಅಪಟೈಟ್ ಮೆತ್ತನೆ ಕಲ್ಲು. ಗಡಸುತನದ ಮೋಸ್ ಮಾಪನದಲ್ಲಿ 10ಕ್ಕೆ 5. ಬೇರೆ ಹರಳಿನಂತೆ ಕಂಡು ಯಾಮಾರಿಸುತ್ತಿದ್ದ ಇದಕ್ಕೆ 1786ರಲ್ಲಿ ಜರ್ಮನಿಯ ವರ್ನರ್ ಗ್ರೀಕಿನ 'ವಂಚನೆ' ಪದದಿಂದ ಹೆಸರಿಟ್ಟ. (ಮೋಸ್ ಮಾಪನಕ್ಕೂ ಈ ಮೋಸಕ್ಕೂ ಸಂಬಂಧ ಇಲ್ಲ!)

ನಮ್ಮೆಲ್ಲರ ಬಾಯಲ್ಲೂ ಈ ಜಾತಿಯ ಕಲ್ಲಿದೆ. ಹಲ್ಲಿನ ಎನಾಮೆಲ್ ಬಹುಪಾಲು ಹೈಡ್ರಾಕ್ಸಿ ಅಪಟೈಟ್. ಸಕ್ಕರೆ ತಿಂದ ಬ್ಯಾಕ್ಟೀರಿಯಾ ಬಿಡೋ ಆಸಿಡ್‌ಗೆ ಅದು ಕರಗುತ್ತೆ. ಜೊಲ್ಲಿನ ಕ್ಯಾಲ್ಸಿಯಂ, ಫಾಸ್ಫೇಟ್ ಮತ್ತೆ ಬಂದು ಕೂರುತ್ತೆ. ದಿನಾ ನಡೆಯೋ ಜಮಾ-ಖರ್ಚು. ಖರ್ಚು ಹೆಚ್ಚಾದರೆ ಮೊದಲು ಬಿಳಿ ಚುಕ್ಕೆ. ಅಲ್ಲಿವರೆಗೆ ರಿಪೇರಿ ಸಾಧ್ಯ, ಗುಳಿ ಬಿದ್ದ ಮೇಲೆ ಡೆಂಟಿಸ್ಟೇ ಗತಿ.

ಹಳ್ಳಿಗಳಲ್ಲಿ ಇಟ್ಟಿಗೆ ಪುಡಿಯಲ್ಲಿ ಹಲ್ಲುಜ್ಜೋರು. ನ್ಯಾಚುರಲ್ಲೇ, ಖನಿಜವೇ, ಆದ್ರೆ ಅದರಲ್ಲಿರೋ ಮರಳಿನ ಗಡಸುತನ 7. ಸವೆಯೋದು ಯಾವುದು, ಹೇಳಿ?

ನಿಜಕ್ಕೂ ನೆರವಾದ ಖನಿಜ ಸಿಕ್ಕಿದ್ದು ಕಲೆಯ ಬೆನ್ನು ಹತ್ತಿದಾಗ. 1901ರಲ್ಲಿ ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್‌ಗೆ ಬಂದ ದಂತವೈದ್ಯ ಫ್ರೆಡರಿಕ್ ಮೆಕೆ, ಊರಿನವರ ಹಲ್ಲಿನ ಕಂದು ಕಲೆ ನೋಡಿ ದಂಗಾದರು. ಆದರೆ ಆ ಹಲ್ಲುಗಳಿಗೆ ಹುಳುಕು ಕಮ್ಮಿ! ಕಾರಣ ನೀರಿನ ಫ್ಲೋರೈಡ್ ಅಂತ ತಿಳಿಯೋಕೆ 1931 ಆಯ್ತು. 1945ರಲ್ಲಿ ಗ್ರ್ಯಾಂಡ್ ರಾಪಿಡ್ಸ್ ನಗರ ಅದನ್ನ ಅಳೆದು, ಲೀಟರಿಗೆ 1 ಮಿ.ಗ್ರಾಂ ಲೆಕ್ಕದಲ್ಲಿ ಕುಡಿಯೋ ನೀರಿಗೆ ಬೆರೆಸಿತು.

ನಮ್ಮಲ್ಲಿ ಕಥೆ ಉಲ್ಟಾ. ಅತಿಯಾದ ಫ್ಲೋರೈಡ್ ಹಲ್ಲಷ್ಟೇ ಅಲ್ಲ, ಮೂಳೆಯನ್ನೂ ಕೆಡಿಸುತ್ತೆ ಅಂತ 1937ರಲ್ಲಿ ನೆಲ್ಲೂರು ಜಿಲ್ಲೆಯಿಂದ ವೈದ್ಯರು ವರದಿ ಮಾಡಿದರು. ಗೌರಿಬಿದನೂರು ದಾಟಿ ಹೋಗೋ ಉತ್ತರ ಪಿನಾಕಿನಿ ಸಮುದ್ರ ಸೇರೋದು ಅದೇ ಜಿಲ್ಲೆಯಲ್ಲಿ. ಹಾಗಂತ ಹೊಳೆಯನ್ನ ದೂರಬೇಡಿ, ಫ್ಲೋರೈಡ್ ಬರೋದು ಬಂಡೆಯಿಂದ. ಕೆರೆ-ಬಾವಿ ಬತ್ತಿ ಬೋರ್‌ವೆಲ್ ಆಳಕ್ಕಿಳಿದಂತೆ, ಗ್ರಾನೈಟಿನ ಸಂದಿಯಲ್ಲಿ ಎಷ್ಟೋ ಕಾಲ ನಿಂತ ನೀರು ಮೇಲೆ ಬರುತ್ತೆ. ಬಿಐಎಸ್ ಹಾಕಿರೋ ಗೆರೆ ಲೀಟರಿಗೆ 1 ಮಿ.ಗ್ರಾಂ, ಬೇರೆ ನೀರೇ ಇಲ್ಲದಿದ್ರೆ 1.5. ಗೌರಿಬಿದನೂರು, ಬಾಗೇಪಲ್ಲಿ ಕಡೆ ಎಷ್ಟೋ ಬೋರ್‌ವೆಲ್ ಅದನ್ನ ದಾಟಿವೆ.

ಈ ಕಡೆಯ ಹುಡುಗರನ್ನ ನೋಡಿ 'ಬ್ರಷ್ ಮಾಡಲ್ವಾ?' ಅಂತ ನಗೋರನ್ನ ಕಂಡ್ರೆ ನನಗೆ ಮೈ ಉರಿಯುತ್ತೆ. ಹಲ್ಲು ದವಡೆಯೊಳಗೆ ರೂಪುಗೊಳ್ಳುವಾಗಲೇ ಕೂತ ಕಲೆ ಅದು, ಉಜ್ಜಿದರೆ ಹೋಗಲ್ಲ.

ಪೇಸ್ಟಿನ ಫ್ಲೋರೈಡ್ ಬೇರೆ ಮಾತು. ಅದು ಹಲ್ಲಿನ ಮೇಲೆ ಕೆಲಸ ಮಾಡುತ್ತೆ, ನಾವು ಉಗುಳ್ತೀವಿ. ಪೇಸ್ಟ್ ನುಂಗೋ ವಯಸ್ಸಿನ ಮಕ್ಕಳಿಗೆ ಜಪಾನಿನಲ್ಲಿ 1980ರಿಂದ ಇರೋ ಹೈಡ್ರಾಕ್ಸಿ ಅಪಟೈಟ್ ಪೇಸ್ಟ್ ಆಗುತ್ತಾ ಅಂತ ಡೆಂಟಿಸ್ಟನ್ನ ಕೇಳಬಹುದು. ಆದ್ರೆ ಊರಲ್ಲಿ ಚಿಕ್ಕ ಮಕ್ಕಳಿದ್ರೆ ಮೊದಲು ಬೋರ್‌ವೆಲ್ ನೀರು ಲ್ಯಾಬಿಗೆ ಕೊಡಿ. ಕುದಿಸಿದ್ರೆ ಫ್ಲೋರೈಡ್ ಹೋಗಲ್ಲ.