ಬ್ರೂಸ್ ಲೀ ಗೊತ್ತು, ಗಜವೀರ?

1973ರಲ್ಲಿ ‘ಎಂಟರ್ ದಿ ಡ್ರ್ಯಾಗನ್’ ಬಂದಾಗ ಅಮೆರಿಕದ ಕಪ್ಪು ಜನರ ಓಣಿಗಳ ಹುಡುಗರು ಥಿಯೇಟರಿಗೆ ಮುಗಿಬಿದ್ದರು. ಹೀರೋ ಬ್ರೂಸ್ ಲೀ ಬಿಳಿಯನಲ್ಲ, ಕೈಯಲ್ಲಿ ಬಂದೂಕಿಲ್ಲ, ಮೈಯೇ ಆಯುಧ. ಜೊತೆಗೆ ಜಿಮ್ ಕೆಲ್ಲಿ ಎಂಬ ಕಪ್ಪು ಕರಾಟೆಪಟು. ಮುಂದೆ ನ್ಯೂಯಾರ್ಕಿನ ವು-ಟ್ಯಾಂಗ್ ಕ್ಲ್ಯಾನ್ ರ್‍ಯಾಪ್ ತಂಡ ಹೆಸರನ್ನೇ ಕುಂಗ್ ಫೂ ಸಿನಿಮಾದಿಂದ ತಗೊಂಡಿತು.

ಬಣ್ಣ ಮೀರಿದ ಇಂಥ ದೋಸ್ತಿ ನಮ್ಮ ಸಾಲಹಳ್ಳಿ ಸೀಮೆಗೆ ಹೊಸದಲ್ಲ. ಪೋರ್ಚುಗೀಸರು ಆಫ್ರಿಕಾದಿಂದ ಗುಲಾಮರಾಗಿ ಗೋವಾಕ್ಕೆ ತಂದವರಲ್ಲಿ ತಪ್ಪಿಸಿಕೊಂಡವರು ಹಳಿಯಾಳ, ಯಲ್ಲಾಪುರದ ಕಾಡು ಸೇರಿದರು. ಅವರೇ ಸಿದ್ದಿಗಳು. ಸಿದ್ದಿ ಗಜವೀರ ಸಂಗೊಳ್ಳಿ ರಾಯಣ್ಣನ ಹೆಗಲಿಗೆ ಹೆಗಲು ಕೊಟ್ಟು ಬ್ರಿಟಿಷರ ವಿರುದ್ಧ ಕಾದಾಡಿದ ಅಂತ ನಮ್ಮ ಕಡೆ ಹೇಳ್ತಾರ. 1831ರಲ್ಲಿ ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೇರಿಸಿದರು.

ಇವತ್ತಿಗೂ ಬೆಂಗಳೂರಲ್ಲಿ ಸಿದ್ದಿ ಹುಡುಗನನ್ನು ‘ಯಾವ ದೇಶ?’ ಅಂತ ಕೇಳ್ತೀವಿ. ಗಜವೀರನನ್ನು ಕೇಳಿದ್ದರೆ ‘ಕಿತ್ತೂರು’ ಅಂತಿದ್ದನೇನೋ.