ಕೂಸನೂರಿನ ‘ಕಿತ್ತಿಕೋ–ಹಚ್ಚಿಕೋ’: ಸರಕಾರದ ನಿರ್ಣಯ ಮತ್ತು ಊರಿನ ಮಾತು

ಸಾರ್ವಜನಿಕ ಸಂಸ್ಥೆಗಳ ನಿರ್ಣಯಗಳನ್ನು ಪರಿಸರ, ಸಮಾಜ ಮತ್ತು ಆಡಳಿತ ಎಂಬ ಮೂರು ನೆಲೆಗಳಲ್ಲಿ ಒಟ್ಟಾಗಿ ಪರಿಶೀಲಿಸಬೇಕೆಂಬ ವಿಚಾರವು ಇಂದು ವ್ಯಾಪಕವಾಗಿ ಚರ್ಚೆಯಲ್ಲಿದೆ. 2004ರಲ್ಲಿ ವಿಶ್ವಸಂಸ್ಥೆಯ ಆಶ್ರಯದಲ್ಲಿ ಹೊರಬಂದ ವರದಿಯೊಂದು ಈ ಮೂರನ್ನೂ ಒಂದೇ ಪರಿಭಾಷೆಯಾಗಿ ಬಳಕೆಗೆ ತಂದಿತು. ಅದಕ್ಕೆ ಹದಿನೇಳು ವರ್ಷ ಮೊದಲೇ ಹಾವೇರಿ ಸೀಮೆಯ ರೈತರು ಇವೇ ಪ್ರಶ್ನೆಗಳನ್ನು ಸರಕಾರದ ಮುಂದಿಟ್ಟಿದ್ದರು.

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಹಾಗೂ ಹಾನಗಲ್ಲ ತಾಲೂಕುಗಳು ಆಗ ಧಾರವಾಡ ಜಿಲ್ಲೆಗೆ ಸೇರಿದ್ದವು. ಹಾವೇರಿ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ರಾಣೆಬೆನ್ನೂರು ತಾಲೂಕಿನ ಕುಮಾರಪಟ್ಟಣದಲ್ಲಿ, ತುಂಗಭದ್ರೆಯ ದಡದಲ್ಲಿದ್ದ ಹರಿಹರ ಪಾಲಿಫೈಬರ್ಸ್ ಕಾರ್ಖಾನೆಗೆ ತಿರುಳು ತಯಾರಿಸಲು ಮರ ಬೇಕಾಗಿತ್ತು. 1984ರಲ್ಲಿ ರಾಜ್ಯ ಸರಕಾರವು ಈ ಕಾರ್ಖಾನೆಯೊಡನೆ ಸೇರಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಜಂಟಿ ಕಂಪನಿಯನ್ನು ಸ್ಥಾಪಿಸಿತು. ಅದರಲ್ಲಿ ಸರಕಾರದ ಪಾಲು ಶೇ. 51. ನೀಲಗಿರಿಯಂಥ ತ್ವರಿತ ಬೆಳವಣಿಗೆಯ ಮರಗಳನ್ನು ಬೆಳೆಸಲು ಸುಮಾರು 30,000 ಹೆಕ್ಟೇರ್ ಸಾರ್ವಜನಿಕ ಭೂಮಿಯನ್ನು ಕಂಪನಿಗೆ ವಹಿಸುವುದೆಂದು ನಿಶ್ಚಯಿಸಲಾಯಿತು.

ದಾಖಲೆಗಳಲ್ಲಿ ಇವು ‘ಸಿ’ ಮತ್ತು ‘ಡಿ’ ದರ್ಜೆಯ ಭೂಮಿಗಳು. ಊರವರ ಪಾಲಿಗಾದರೋ ದನಗಳ ಮೇವು, ಒಲೆಯ ಉರುವಲು, ಹೊಲದ ಗೊಬ್ಬರಕ್ಕೆ ಸೊಪ್ಪು ದೊರೆಯುವ ನೆಲೆಗಳು. ಸ್ವಂತ ಜಮೀನಿಲ್ಲದವರಿಗೆ ಇವೇ ಆಸರೆ. ಹೀಗೆ ಒಂದೇ ನೆಲಕ್ಕೆ ಎರಡು ಭಾಷೆಗಳಿದ್ದವು. ನಿರ್ಣಯವಾದದ್ದು ಒಂದರಲ್ಲಿ ಮಾತ್ರ.

ಧಾರವಾಡದ ಸಮಾಜ ಪರಿವರ್ತನ ಸಮುದಾಯವು ಎಸ್. ಆರ್. ಹಿರೇಮಠರ ನೇತೃತ್ವದಲ್ಲಿ ಇದನ್ನು ವಿರೋಧಿಸಿತು. ಡಾ. ಶಿವರಾಮ ಕಾರಂತರೂ ಅರ್ಜಿದಾರರಾಗಿದ್ದ ಸಾರ್ವಜನಿಕ ಹಿತಾಸಕ್ತಿಯ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1987ರ ಮಾರ್ಚಿನಲ್ಲಿ ಭೂಮಿಯ ಹಸ್ತಾಂತರಕ್ಕೆ ತಡೆಯಾಜ್ಞೆ ನೀಡಿತು. ಅದೇ ವರ್ಷದ ನವೆಂಬರ್ 14ರಂದು ಹಾನಗಲ್ಲ ತಾಲೂಕಿನ ಕೂಸನೂರಿನಲ್ಲಿ ಸುಮಾರು 2,000 ಜನ ಸೇರಿದರು. ಅಹಿಂಸೆಯ ಪ್ರತಿಜ್ಞೆ ಸ್ವೀಕರಿಸಿ, ಮಹಿಳೆಯರನ್ನೂ ವಾದ್ಯ ಬಾರಿಸುವವರನ್ನೂ ಮುಂದಿಟ್ಟುಕೊಂಡು ನೆಡುತೋಪಿಗೆ ನಡೆದರು. ನೂರು ನೀಲಗಿರಿ ಸಸಿಗಳನ್ನು ಕಿತ್ತು, ಆ ಜಾಗದಲ್ಲಿ ಹಣ್ಣು, ಮೇವು ಕೊಡುವ ಸ್ಥಳೀಯ ಜಾತಿಯ ಸಸಿಗಳನ್ನು ನೆಟ್ಟರು; ಅವುಗಳಿಗೆ ನೀರೆರೆದು ಕಾಪಾಡುವುದಾಗಿ ಮಾತುಕೊಟ್ಟರು.

‘ಕಿತ್ತಿಕೋ–ಹಚ್ಚಿಕೋ’ ಎಂಬ ಹೆಸರು ಈ ಭಾಗದ ಆಡುಮಾತಿನದು. ಇಲ್ಲಿ ಸಸಿ ನೆಡುವುದಕ್ಕೂ ದೀಪ ಬೆಳಗುವುದಕ್ಕೂ ‘ಹಚ್ಚು’ ಎಂಬ ಒಂದೇ ಕ್ರಿಯಾಪದ. ಕಿತ್ತವನೇ ಹಚ್ಚಬೇಕು, ಹಚ್ಚಿದವನೇ ನೀರೆರೆಯಬೇಕು ಎಂಬ ಹೊಣೆಗಾರಿಕೆಯನ್ನು ಈ ಜೋಡುನುಡಿ ಒಳಗೊಂಡಿದೆ. ಪ್ರತಿಭಟನೆಯು ನಿರಾಕರಣೆಯಷ್ಟೇ ಆಗದೆ ಪರ್ಯಾಯ ನಿರ್ಣಯವೂ ಆದದ್ದು ಇದರಿಂದಲೇ.

1991ರ ಅಕ್ಟೋಬರಿನಲ್ಲಿ ಸರಕಾರವು ಕಂಪನಿಯನ್ನು ಮುಚ್ಚಲು ತೀರ್ಮಾನಿಸಿತು. ಶೇರುಗಳ ಹೆಚ್ಚಿನ ಪಾಲು ಸರಕಾರದ ಕೈಯಲ್ಲಿದ್ದ ಮಾತ್ರಕ್ಕೆ ಸಾರ್ವಜನಿಕ ಹಿತ ಸಿದ್ಧಿಸುವುದಿಲ್ಲವೆಂಬುದು ಈ ಪ್ರಕರಣದಿಂದ ಸ್ಪಷ್ಟವಾಗುತ್ತದೆ. ಪರಿಸರ ಮತ್ತು ಸಮಾಜದ ಹಿತವನ್ನು ಅಳೆಯುವ ವರದಿಗಳು ಇಂದು ಹೆಚ್ಚುತ್ತಿವೆ. ಆದರೆ ಆ ನೆಲದಲ್ಲಿ ಮೇವು ಕೊಯ್ಯುವವರ, ಉರುವಲು ಆಯುವವರ ಮಾತು ನಿರ್ಣಯಕ್ಕೆ ಮೊದಲೇ ದಾಖಲಾಗದಿದ್ದರೆ ಅಂಥ ವರದಿಯೂ ‘ಸಿ’ ಮತ್ತು ‘ಡಿ’ ಎಂಬ ಇನ್ನೊಂದು ವರ್ಗೀಕರಣವಾಗಿಯೇ ಉಳಿಯುತ್ತದೆ.