ಜಿನ್, ಟಾನಿಕ್ ಮತ್ತು ಚಳಿಜ್ವರ

ಜಿನ್‌ಗೆ ಟಾನಿಕ್ ಬೆರೆಸಿ ಕುಡಿಯುವವರಲ್ಲಿ ಒಂದು ನಂಬಿಕೆಯಿದೆ. ಇದು ಬರೀ ಮದ್ಯವಲ್ಲ, ಮದ್ದೂ ಹೌದು. ಬ್ರಿಟಿಷರು ಹಿಂದೂಸ್ಥಾನದಲ್ಲಿ ಚಳಿಜ್ವರ ಬಾರದಿರಲೆಂದು ಸಂಜೆ ಸಂಜೆ ಇದನ್ನೇ ಸೇವಿಸುತ್ತಿದ್ದರು ಎಂದು. ವೈದ್ಯರಾದ ನಾವು ಹೋದ ಔತಣಗಳಲ್ಲೆಲ್ಲ ಈ ಮಾತು ನಮ್ಮ ಕಿವಿಗೆ ಬೀಳುತ್ತದೆ. ಮದ್ಯಕ್ಕೂ ಮದ್ದಿಗೂ ಇರುವ ಈ ನೆಂಟಸ್ತನ ಎಷ್ಟರಮಟ್ಟಿಗೆ ನಿಜ ಎಂದು ಇತಿಹಾಸವನ್ನು ಕೆದಕಿದರೆ ಸ್ವಾರಸ್ಯವಾದ ಸಂಗತಿಗಳು ಸಿಗುತ್ತವೆ. ಕುಡಿಯುವವರಿಗೂ ಕುಡಿಯದವರಿಗೂ ಉಪಯೋಗವಾದೀತೆಂದು ಅವನ್ನು ಇಲ್ಲಿ ಬರೆಯುತ್ತಿದ್ದೇವೆ.

ಜಿನ್‌ನ ಪರಿಮಳಕ್ಕೆ ಕಾರಣ ಜುನಿಪರ್ ಎಂಬ ಗಿಡದ ನೀಲಿ ಕಾಯಿ. ಯೂರೋಪಿನ ಹಳೆಯ ವೈದ್ಯರು ಹೊಟ್ಟೆನೋವಿಗೆ, ಮೂತ್ರದ ತೊಂದರೆಗೆ ಇದನ್ನು ಕೊಡುತ್ತಿದ್ದರು. ಡಚ್ಚರು ಧಾನ್ಯದಿಂದ ಬಟ್ಟಿ ಇಳಿಸಿದ ಮದ್ಯಕ್ಕೆ ಈ ಕಾಯಿ ಸೇರಿಸಿ 'ಯೆನೇವರ್' ಎಂದರು. ಇಂಗ್ಲಿಷರ ಬಾಯಲ್ಲಿ ಅದು 'ಜಿನೀವಾ' ಆಗಿ, ಮೊಟಕಾಗಿ 'ಜಿನ್' ಆಯಿತು. ಸ್ವಿಟ್ಜರ್‌ಲೆಂಡಿನ ಜಿನೀವಾ ನಗರಕ್ಕೂ ಇದಕ್ಕೂ ಏನೂ ಸಂಬಂಧವಿಲ್ಲ. ಲೈಡನ್ ವಿಶ್ವವಿದ್ಯಾಲಯದ ವೈದ್ಯ ಪ್ರಾಧ್ಯಾಪಕ ಸಿಲ್ವಿಯಸ್ ಇದನ್ನು ಕಂಡುಹಿಡಿದನೆಂದು ಹಲವು ಪುಸ್ತಕಗಳು ಹೇಳುತ್ತವೆ. ಆದರೆ ಆತ ಹುಟ್ಟಿದ್ದು 1614ರಲ್ಲಿ. 1623ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಒಂದು ನಾಟಕದಲ್ಲೇ ಈ ಪಾನೀಯದ ಹೆಸರಿದೆ. ಒಂಬತ್ತು ವರ್ಷದ ಹುಡುಗ ಜಿನ್ ಕಂಡುಹಿಡಿದ ಎಂಬುದನ್ನು ಯಾರೂ ಒಪ್ಪಲಾರರು!

ಔಷಧಿಯ ಹೆಸರಿನಲ್ಲಿ ಬಂದ ಈ ಪಾನೀಯ ಇಂಗ್ಲೆಂಡಿನಲ್ಲಿ ವಿಷವಾಗಲು ಬಹಳ ಕಾಲ ಬೇಕಾಗಲಿಲ್ಲ. 1689ರಲ್ಲಿ ಡಚ್ ಮೂಲದ ಮೂರನೆಯ ವಿಲಿಯಂ ಇಂಗ್ಲೆಂಡಿನ ಸಿಂಹಾಸನವೇರಿದ. ಫ್ರಾನ್ಸಿನೊಡನೆ ವೈರ, ಆ ದೇಶದ ಬ್ರಾಂಡಿಗೆ ತಡೆ. ಸ್ವದೇಶಿ ಧಾನ್ಯದಿಂದ ಬಟ್ಟಿ ಇಳಿಸಲು 1690ರ ಕಾಯಿದೆ ಪ್ರೋತ್ಸಾಹ ನೀಡಿತು. ಹೊಲದೊಡೆಯರಿಗೆ ಲಾಭ, ಬೊಕ್ಕಸಕ್ಕೆ ತೆರಿಗೆ, ಬಡವರಿಗೆ ಅಗ್ಗದ ಜಿನ್. ತಾಯಂದಿರ ಕುಡಿತದಿಂದ ಮಕ್ಕಳು ದುರ್ಬಲರಾಗಿ, ರೋಗಿಷ್ಠರಾಗಿ ಹುಟ್ಟುತ್ತಿದ್ದಾರೆ ಎಂದು ಲಂಡನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್ 1726ರಲ್ಲೇ ಪಾರ್ಲಿಮೆಂಟಿಗೆ ಮನವಿ ಸಲ್ಲಿಸಿತು. ಗರ್ಭಿಣಿಯ ಮದ್ಯಪಾನದಿಂದ ಶಿಶುವಿಗಾಗುವ ಕೇಡನ್ನು ವೈದ್ಯಕೀಯ ಗ್ರಂಥಗಳು ಹೆಸರಿಟ್ಟು ವಿವರಿಸಿದ್ದು 1973ರಲ್ಲಿ. ನಮ್ಮ ವೃತ್ತಿಯ ಹಿರಿಯರು ಸುಮಾರು 250 ವರ್ಷ ಮೊದಲೇ ಅದನ್ನು ಕಣ್ಣಾರೆ ಕಂಡು ಹೇಳಿದ್ದರು.

ಸರ್ಕಾರ ಬೇಗ ಕಿವಿಗೊಡಲಿಲ್ಲ. 1734ರಲ್ಲಿ ಜೂಡಿತ್ ಡಿಫೋರ್ ಎಂಬ ತಾಯಿ ತನ್ನ ಎರಡು ವರ್ಷದ ಮಗುವನ್ನು ಕೊಂದು, ಅದರ ಮೈಮೇಲಿನ ಹೊಸ ಬಟ್ಟೆಯನ್ನು ಮಾರಿ ಆ ಹಣದಲ್ಲಿ ಜಿನ್ ಕುಡಿದಳು. ಊರಿಗೆ ಊರೇ ಬೆಚ್ಚಿತು. 1736ರ ಕಾಯಿದೆ ಅಂಗಡಿಗೆ 50 ಪೌಂಡು ಲೈಸೆನ್ಸ್ ಶುಲ್ಕ ವಿಧಿಸಿತು. ಲೈಸೆನ್ಸ್ ಪಡೆದವರು ಬೆರಳೆಣಿಕೆಯಷ್ಟು. ಉಳಿದವರು ಕದ್ದು ಮಾರಿದರು. ಹೊಟ್ಟೆನೋವಿನ ಔಷಧಿ ಎಂಬ ಚೀಟಿಯಡಿ ಮಾರಿದವರೂ ಇದ್ದರು! ಚಿತ್ರಕಾರ ಹೋಗಾರ್ಥ್ 'ಜಿನ್ ಲೇನ್' ಎಂಬ ಪ್ರಸಿದ್ಧ ಚಿತ್ರವನ್ನು ಪ್ರಕಟಿಸಿದ 1751ರಲ್ಲೇ ಬಂದ ಇನ್ನೊಂದು ಕಾಯಿದೆ, ಆಮೇಲೆ ಬೆಳೆ ಕೆಟ್ಟು ಧಾನ್ಯದ ಬೆಲೆ ಏರಿದ್ದು, ಇವೆರಡೂ ಸೇರಿ ಆ ಹುಚ್ಚನ್ನು ತಗ್ಗಿಸಿದವು.

ಮುಂದಿನ ಶತಮಾನದಲ್ಲಿ ಜಿನ್ ದೊಡ್ಡವರ ಮನೆ ಸೇರಿತು. ಆಗ ಅದರ ಜೊತೆಗೂಡಿದ ಪದಾರ್ಥಗಳನ್ನು ಗಮನಿಸಿ. 'ಪಿಂಕ್ ಜಿನ್'ಗೆ ಬಣ್ಣ ಕೊಡುವ ಅಂಗೊಸ್ಟುರಾ ಕಹಿಯನ್ನು ಸಿದ್ಧಪಡಿಸಿದವರು ಡಾಕ್ಟರ್ ಸೀಗರ್ಟ್. ದಕ್ಷಿಣ ಅಮೆರಿಕದಲ್ಲಿ ಬೊಲಿವಾರನ ಸೈನಿಕರ ಹೊಟ್ಟೆಯ ಕಾಯಿಲೆಗೆ, 1824ರಲ್ಲಿ. 'ಗಿಮ್ಲೆಟ್'ನಲ್ಲಿರುವ ಲೈಮ್ ರಸ ನಾವಿಕರ ಸ್ಕರ್ವಿ ರೋಗಕ್ಕೆ ಮದ್ದೆಂದು ಹಡಗು ಹತ್ತಿದ್ದು. 1867ರಲ್ಲಿ ರೋಸ್ ಎಂಬಾತ ಅದನ್ನು ಸಕ್ಕರೆಯಲ್ಲಿ ಕೆಡದಂತೆ ಇಡುವ ವಿಧಾನಕ್ಕೆ ಪೇಟೆಂಟ್ ಪಡೆದ. ಮೂರನೆಯದೇ ಟಾನಿಕ್. ಮೂರರಲ್ಲೂ ಔಷಧಿಯೆಂದು ಬಂದದ್ದು ಜಿನ್‌ನ ಸಂಗಾತಿ. ಜಿನ್ ಅಲ್ಲ ಎಂಬುದು ಗಮನಾರ್ಹ.

ಟಾನಿಕ್‌ನ ಕಹಿ ಕ್ವಿನೈನ್‌ನದು. ದಕ್ಷಿಣ ಅಮೆರಿಕದ ಸಿಂಕೋನಾ ಮರದ ತೊಗಟೆಯಿಂದ 1820ರಲ್ಲಿ ಪ್ಯಾರಿಸ್ಸಿನ ಪೆಲ್ಟಿಯೆ ಮತ್ತು ಕಾವಂತೂ ಇದನ್ನು ಬೇರ್ಪಡಿಸಿದರು. 1860ರ ದಶಕದಲ್ಲಿ ನಮ್ಮ ಮೈಸೂರಿಗೆ ಸಮೀಪದ ನೀಲಗಿರಿಯಲ್ಲೇ ಸರ್ಕಾರಿ ಸಿಂಕೋನಾ ತೋಟಗಳೆದ್ದವು. ಟಾನಿಕ್ ನೀರಿಗೆ ಲಂಡನ್ನಿನ ಎರಾಸ್ಮಸ್ ಬಾಂಡ್ ಪೇಟೆಂಟ್ ಪಡೆದದ್ದು 1858ರಲ್ಲಿ. ಜಿನ್ ಮತ್ತು ಟಾನಿಕ್ ಜೋಡಿಯ ಬಗ್ಗೆ ಇದುವರೆಗೆ ಸಿಕ್ಕಿರುವ ಅತಿ ಹಳೆಯ ಉಲ್ಲೇಖ 1868ರದು. ಅದಿರುವುದು ವೈದ್ಯಗ್ರಂಥದಲ್ಲಲ್ಲ, ಹಿಂದೂಸ್ಥಾನದ ಒಂದು ಕ್ರೀಡಾ ಪತ್ರಿಕೆಯಲ್ಲಿ. ಕುದುರೆ ಜೂಜು ಮುಗಿಸಿದ ದೊರೆಗಳು ತಂಪಿಗೆಂದು ಅದನ್ನು ಕೂಗಿ ತರಿಸುತ್ತಿದ್ದರು!

ಈಗ ಸ್ವಲ್ಪ ಲೆಕ್ಕ ಹಾಕೋಣ. ಅಮೆರಿಕದ ನಿಯಮದಂತೆ ಒಂದು ಲೀಟರ್ ಟಾನಿಕ್‌ನಲ್ಲಿ ಕ್ವಿನೈನ್ ಹೆಚ್ಚೆಂದರೆ 83 ಮಿಲಿಗ್ರಾಂ ಇರಬಹುದು. ಮಲೇರಿಯಾ ರೋಗಿಗೆ ಕ್ವಿನೈನ್ ಕೊಡಬೇಕಾದರೆ ಸುಮಾರು 650 ಮಿಲಿಗ್ರಾಂನಂತೆ ದಿನಕ್ಕೆ ಮೂರು ಸಲ. ಅಂದರೆ ದಿನಕ್ಕೆ 23 ಲೀಟರ್ ಟಾನಿಕ್! ಅಷ್ಟು ಜಿನ್ ಬೆರೆಸಿ ಕುಡಿದವನನ್ನು ಕೊಲ್ಲಲು ಸೊಳ್ಳೆಯೇ ಬೇಕಿಲ್ಲ. ಮದ್ದಿನ ಕೆಲಸ ಮಾಡದ ಈ ಅಲ್ಪ ಪ್ರಮಾಣವೂ ಕೆಲವರ ಮೈಗೆ ಒಗ್ಗದು. ಅಪರೂಪಕ್ಕೆ ರಕ್ತದ ಪ್ಲೇಟ್‌ಲೆಟ್ ಕುಸಿದು ಚರ್ಮದ ಮೇಲೆ ಕೆಂಪು ಚುಕ್ಕೆಗಳೇಳುತ್ತವೆ. 1967ರಲ್ಲಿ ಇದಕ್ಕೆ 'ಕಾಕ್‌ಟೇಲ್ ಪರ್ಪ್ಯೂರಾ' ಎಂದೇ ಹೆಸರಿಟ್ಟರು.

ಹಾಗಾದರೆ ಚಳಿಜ್ವರಕ್ಕೆ ನಿಜವಾದ ತಡೆ ಯಾವುದು? ಅದರ ಸುಳಿವು ಸಿಕ್ಕಿದ್ದು ನಮ್ಮ ಬೆಂಗಳೂರಿನಲ್ಲೇ. 1883ರಲ್ಲಿ ಅಲ್ಲಿ ಸೈನ್ಯದ ವೈದ್ಯರಾಗಿದ್ದ ರೊನಾಲ್ಡ್ ರಾಸ್ ತಮ್ಮ ಬಂಗಲೆಯ ಹೊರಗಿನ ನೀರಿನ ಪೀಪಾಯಿಯಲ್ಲಿ ಸೊಳ್ಳೆಮರಿಗಳನ್ನು ಕಂಡು ಅದನ್ನು ಬೋರಲು ಹಾಕಿಸಿದರು. ಸೊಳ್ಳೆ ಕಡಿಮೆಯಾಯಿತು. ಅಧಿಕಾರಿಗಳ ಮೆಸ್ಸಿನಲ್ಲೂ ಹಾಗೆಯೇ ಮಾಡಿ ಎಂದರೆ, ಅದು ಸೃಷ್ಟಿನಿಯಮಕ್ಕೆ ವಿರುದ್ಧ ಎಂಬ ಉತ್ತರ ಬಂತಂತೆ! ಮಲೇರಿಯಾ ಹರಡುವುದು ಸೊಳ್ಳೆಯಿಂದ ಎಂಬ ಸಂಗತಿ ಆಗಿನ್ನೂ ಯಾರಿಗೂ ಗೊತ್ತಿರಲಿಲ್ಲ. ಅನಾಫಿಲಿಸ್ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ಜೀವಿಯನ್ನು ಅದೇ ರಾಸ್ ಕಂಡದ್ದು 1897ರ ಆಗಸ್ಟ್ 20ರಂದು, ಸಿಕಂದರಾಬಾದಿನಲ್ಲಿ. 1902ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು.

ಇಷ್ಟೆಲ್ಲ ಬರೆಯಲು ಕಾರಣವಿದೆ. ರಜೆಗೆ ಊರಿಗೆ ಹೊರಡುವ ನಮ್ಮವರು ಮಕ್ಕಳಿಗೆ ಹೊಸ ಬಟ್ಟೆ, ಅಜ್ಜ-ಅಜ್ಜಿಗೆ ಉಡುಗೊರೆ ಮರೆಯುವುದಿಲ್ಲ; ಮಲೇರಿಯಾ ಮಾತ್ರೆಯನ್ನು ಮರೆಯುತ್ತಾರೆ. ನಮ್ಮೂರಿನ ಸೊಳ್ಳೆ ನಮಗೇನು ಮಾಡೀತು ಎಂಬ ಧೈರ್ಯ. ಬಾಲ್ಯದಲ್ಲಿ ಜ್ವರ ಬಂದು ಮೈಗೆ ಒಂದಿಷ್ಟು ತಡೆಶಕ್ತಿ ದಕ್ಕಿದ್ದರೂ ಹೊರದೇಶದಲ್ಲಿ ಕೆಲವು ವರ್ಷ ಕಳೆದರೆ ಅದು ಇಳಿದುಹೋಗುತ್ತದೆ. ಇಲ್ಲಿ ಹುಟ್ಟಿದ ಮಕ್ಕಳಿಗೆ ಅದು ಇಲ್ಲವೇ ಇಲ್ಲ. ಕರ್ನಾಟಕದಲ್ಲಿ ಮಲೇರಿಯಾ ಈಗ ಬಹಳ ಇಳಿದಿದೆ, ನಿಜ. ಆದರೂ ಹೋಗುವ ಊರನ್ನು ನಿಮ್ಮ ವೈದ್ಯರಿಗೆ ಮೊದಲೇ ತಿಳಿಸಿ, ಮಾತ್ರೆ ಬೇಕೇ ಎಂದು ಕೇಳಿ. ಸೊಳ್ಳೆಪರದೆ ಕಟ್ಟಿ. ಹಿಂದಿರುಗಿದ ಮೇಲೆ ಚಳಿಜ್ವರ ಬಂದರೆ, ತಿಂಗಳುಗಳು ಕಳೆದಿದ್ದರೂ, ಊರಿಗೆ ಹೋಗಿದ್ದ ವಿಷಯವನ್ನು ತಪ್ಪದೆ ಹೇಳಿ ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ.

ಜಿನ್ ರುಚಿಸುವವರು ರುಚಿಗೆಂದೇ ಮಿತವಾಗಿ ಕುಡಿಯಲಿ, ನಮ್ಮ ತಕರಾರಿಲ್ಲ. ಗರ್ಭಿಣಿಯರಿಗೆ ಮಾತ್ರ ಆ ಮಿತವೂ ಬೇಡ. ಮದ್ದಿನ ನೆಪ ಯಾರಿಗೂ ಬೇಡ.